ಬೂದು ಬಣ್ಣದ ಮಂಡಳಿ

ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಉಮರ್ಗಾದ ಕಲಾ ಮಂಡಳಿಯಲ್ಲಿ ಆರು ಜನ ಡ್ರಾಯಿಂಗ್ ಮಾಸ್ತರರಿದ್ದರು. ಇಬ್ಬರು ನಮ್ಮೂರವರು, ಇಬ್ಬರು ನಿಲಂಗಾದವರು, ಇನ್ನಿಬ್ಬರು ಉದ್ಗೀರಿನವರು. ಆರೂ ಜನ ಕೂಡಿದರೂ ಒಂದು ಮಾವಿನ ಹಣ್ಣನ್ನು ಮಾವಿನ ಹಣ್ಣಿನ ಹಾಗೆ ಬಿಡಿಸಲು ಬರುತ್ತಿರಲಿಲ್ಲ. ಆದರೆ ದೇಶದ ಆಧುನಿಕ ಕಲೆ ಯಾವ ದಾರಿ ಹಿಡಿಯಬೇಕು ಎಂಬುದು ಮಾತ್ರ ಆರೂ ಜನರಿಗೆ ಪಕ್ಕಾ ಗೊತ್ತಿತ್ತು. ಭಾನುವಾರ ಬಸ್ಸಿಗೆ ಬಂದು, ಶಾಲೆಯ ಒಂದು ಖೋಲಿ ತೆಗೆಸಿ, ಚಹಾ ತರಿಸಿಕೊಂಡು ಸಂಜೆಯವರೆಗೆ ಅದನ್ನೇ ಮಾತಾಡುತ್ತಿದ್ದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಅವರಲ್ಲಿ ಎತ್ತರದ ದನಿಯವರು ಅಧ್ಯಕ್ಷರಾಗಿದ್ದರು. ಜಂಗಮರ ಮನೆತನ, ಹಣೆ ತುಂಬ ವಿಭೂತಿ.

ನಾನು ಅವರ ಒಬ್ಬಳೇ ಶಿಷ್ಯೆ. ಮೆಟ್ರಿಕ್ ಆಗಿತ್ತು, ಶಹರದ ಕಲಾಶಾಲೆ ಸೇರುವ ಹಟ ಹಿಡಿದಿದ್ದೆ. ಬಟ್ಟೆ ಅಂಗಡಿಯ ಅಪ್ಪ ಒಂದೇ ಷರತ್ತು ಹಾಕಿದ್ದ.

"ಅಧ್ಯಕ್ಷರು ಪತ್ರ ಬರದು ಕೊಟ್ರ ಕಳಸ್ತೀನಿ. ಇಲ್ಲಂದ್ರ ಬರೋ ವೈಶಾಖದಾಗ ಲಗ್ನ."

ಲೋಹಾರಾದ ಕಿರಾಣಿ ಅಂಗಡಿಯವರ ಮಗ ನನ್ನನ್ನು ನೋಡಿಕೊಂಡೂ ಹೋಗಿದ್ದ. ತಕ್ಕಡಿಯ ಹಿಂದೆ ಕೂತು ಮುದುಕಿಯಾಗುವುದಕ್ಕೆ ನನಗೆ ಮನಸ್ಸಿರಲಿಲ್ಲ. ಆ ಪತ್ರ ನನ್ನ ಜೀವವೇ ಆಗಿತ್ತು.

ಮಂಡಳಿಯ ಜ್ಞಾನವೆಲ್ಲ ಬಂದದ್ದು ಒಂದು ಮರಾಠಿ ಮಾಸಿಕದಿಂದ. ಅಧ್ಯಕ್ಷರ ಭಾವಮೈದುನ ಮುಂಬೈಯಿಂದ ತಂದುಕೊಟ್ಟದ್ದು. ಅದರಲ್ಲಿ ವಿದೇಶದ ದೊಡ್ಡ ದೊಡ್ಡ ಕಲಾವಿದರ ಚಿತ್ರಗಳಿದ್ದವು. ಅಗ್ಗದ ಕಾಗದ, ಕಪ್ಪು ಮಸಿಯ ಮುದ್ರಣ, ಹಾಗಾಗಿ ಚಿತ್ರಗಳೆಲ್ಲ ಬೂದು. ಮುದ್ರಣ ಹಾಗಿದೆ ಎಂದು ಆರು ತಲೆಗಳಲ್ಲಿ ಒಂದಕ್ಕಾದರೂ ಹೊಳೆಯಬೇಕಲ್ಲ? ಹೊಳೆಯಲಿಲ್ಲ. ಜಗತ್ತಿನ ದೊಡ್ಡ ಕಲಾವಿದರು ಬಣ್ಣ ಬಿಟ್ಟುಬಿಟ್ಟಿದ್ದಾರೆ, ಬೂದು ಹಚ್ಚುವುದೇ ಆಧುನಿಕತೆ ಎಂದು ಠರಾವು ಮಾಡಿದರು.

"ಬಣ್ಣಾ ಕ್ಯಾಲೆಂಡರಿಗಿ ಬಿಡ್ರಿ. ಶಿವನ ಮೈ ಯಾವ ಬಣ್ಣ? ಬೂದಿ. ನಮ್ಮ ಮಂದಿಗಿ ಇದು ಹಿಂದಿನಿಂದಾನೂ ಗೊತ್ತದ," ಎಂದರು ಅಧ್ಯಕ್ಷರು. ಉಳಿದ ಐವರು ತಲೆದೂಗಿದರು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಹಳದಿಗೆ ನೀಲಿ ಎಷ್ಟು ಬೆರೆಸಬೇಕೆಂದು ತಿಳಿಯದವರಿಗೆ ಬಣ್ಣವೇ ಬೇಡವಾಯಿತು.

ಆಗ ಸತತ ಎರಡನೆಯ ವರ್ಷ ಮಳೆ ಕೈಕೊಟ್ಟಿತ್ತು. ಬರ ಮಂಡಳಿಗೆ ವರವೇ ಆಯಿತು. ಆರು ಜನರ ಕುಂಚ ತೊಳೆಯಲು ಒಂದೇ ತಂಬಿಗೆ ನೀರು. ಯಾವ ಬಣ್ಣ ಅದ್ದಿದರೂ ಕಾಲು ಗಂಟೆಯಲ್ಲಿ ಬೂದು. ಅದನ್ನೂ ಅವರು ಸಿದ್ಧಾಂತ ಎಂದರು.

ನಾನು ಹೈದರಾಬಾದ್ ರಸ್ತೆಯಲ್ಲಿ ಸರಕಾರ ತೆಗೆದ ಬರಗಾಲದ ಕೆಲಸಕ್ಕೆ ಬಂದ ಹೆಂಗಸರನ್ನು ಬರೆದೆ. ಜಲ್ಲಿ ಒಡೆಯುವವರು, ಬುಟ್ಟಿ ಹೊರುವವರು. ಅವರ ಸೀರೆಗಳೆಲ್ಲ ನನಗೆ ಗುರುತು, ನಮ್ಮ ಅಂಗಡಿಯಲ್ಲೇ ಕೊಂಡವು. ಗಿಣಿ ಹಸಿರು, ಅರಿಶಿನ, ಕುಂಕುಮ ಕೆಂಪು. ಕೂಲಿ ಹೆಂಗಸರು ಮಂಕು ಬಣ್ಣ ಮುಟ್ಟುವುದಿಲ್ಲ, ಇದು ಬಟ್ಟೆ ಅಂಗಡಿಯ ಯಾರಿಗಾದರೂ ಗೊತ್ತು. ಆ ಬೋಳು ಬಯಲಿನಲ್ಲಿ ಕಣ್ಣು ಕುಕ್ಕುವಂತಿದ್ದರು ಅವರು. ಹನ್ನೆರಡು ಚಿತ್ರವಾದವು. ನನಗೆ ಹೆಮ್ಮೆಯಾಯಿತು.

ಅಧ್ಯಕ್ಷರು ನೋಡಿ ಮುಖ ಕಿವುಚಿದರು.

"ಏನವ್ವ ಇದು, ಜಾತ್ರಿನಾ? ಬರಗಾಲದಾಗ ಹಸಿರು ಎಲ್ಲಿಂದ ಬಂತು?"

"ಸೀರಿ ಹಸಿರೇ ಅದ ರೀ ಸರ್. ನಾನೇ ಹರದು ಕೊಟ್ಟೀನಿ."

"ನಿನ್ನ ದುಕಾನ ಬ್ಯಾರೆ, ಕಲಾ ಬ್ಯಾರೆ. ಬಣ್ಣಾ ತೆಗಿ. ಆಮ್ಯಾಲ ಪತ್ರದ ಮಾತು."

ಮೂರು ದಿನ ಕೂತು ಕಪ್ಪಿಗೆ ಬಿಳಿ ಬೆರೆಸಿ ಹನ್ನೆರಡು ಚಿತ್ರಗಳ ಮೇಲೂ ಬಳಿದೆ. ಒಬ್ಬೊಬ್ಬ ಹೆಂಗಸಿನ ಸೀರೆ ಮುಚ್ಚುವಾಗಲೂ ಅಳು ಬಂತು. ಆದರೂ ಬಳಿದೆ. ಪತ್ರ ಸಿಕ್ಕಿತು.

ಅಪ್ಪನ ಜೊತೆ ಶಹರಕ್ಕೆ ಹೋದೆ. ಸಂದರ್ಶನಕ್ಕೆ ಕರೆಯುವ ತನಕ ಕಲಾಶಾಲೆಯ ವಾಚನಾಲಯದಲ್ಲಿ ಕೂತಿದ್ದೆ. ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿತ್ತು. ಪುಟ ತಿರುವಿದರೆ ಮಂಡಳಿಯ ಮಾಸಿಕದಲ್ಲಿ ನೂರು ಸಲ ನೋಡಿದ್ದ ಅದೇ ಚಿತ್ರ. ಕೆಂಪು, ನೀಲಿ, ಸುಡುವ ಹಳದಿ, ಎಲ್ಲ ಬಣ್ಣಗಳೂ ಇದ್ದವು. ನಾಚಿಕೆಯಾಗಿ ಪುಸ್ತಕ ಮುಚ್ಚಿಟ್ಟೆ. ಅಷ್ಟರಲ್ಲಿ ಒಳಗೆ ಕರೆದರು.

ಮೂವರು ಪ್ರಾಧ್ಯಾಪಕರು. ಖಾದಿ ಜುಬ್ಬಾ, ಹೊರದೇಶ ಸುತ್ತಿ ಬಂದ ಗತ್ತು. ನನ್ನ ಹನ್ನೆರಡು ಚಿತ್ರ ಹರಡಿಕೊಂಡು ಹಿರಿಯರೊಬ್ಬರು ಮರಾಠಿಯಲ್ಲಿ ಕೇಳಿದರು: "ಈ ಬೂದು ಎಲ್ಲಿಂದ ಬಂತು ಮಗೂ?"

ನಿಜ ಹೇಳಬಹುದಿತ್ತು. ತಕ್ಕಡಿ ನೆನಪಾಯಿತು.

"ನಮ್ಮ ಕಡೆ ಬರಗಾಲ ಸರ್. ಬಣ್ಣ ಉಳಿದಿಲ್ಲ," ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇದೇ ಈ ಮಣ್ಣಿನ ಕಲೆ ಎಂದರು. ನಮ್ಮ ಮಾಸ್ತರರು ಅಸಲು ಚಿತ್ರ ನೋಡಿರಲಿಲ್ಲ, ಇವರು ಜಲ್ಲಿ ಒಡೆಯುವ ಹೆಂಗಸನ್ನು ನೋಡಿರಲಿಲ್ಲ. ಎರಡೂ ಕಡೆ ಒಂದೇ ಪಾಠ. ನನಗೆ ಸೀಟು ಕೊಟ್ಟರು.

ಊರಲ್ಲಿ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡಿದರು. ಮೂರು ತಾಲೂಕಿನ ಶಾಲೆಗಳ ಮಾಸ್ತರರು ಬಂದಿದ್ದರು. "ನಮ್ಮ ದಾರಿ ಖರೆ ಅಂತ ಶಹರದವರೇ ಠಪ್ಪಾ ಹೊಡದಾರ," ಎಂದು ಅಧ್ಯಕ್ಷರು ಎದೆಯುಬ್ಬಿಸಿದರು. ನನಗೂ ಎರಡು ಮಾತು ಹೇಳಲು ಹೇಳಿದರು. ಆ ಪುಸ್ತಕದ ವಿಷಯ ನಾಲಿಗೆ ತುದಿಗೆ ಬಂತು. ಹೇಳಿದರೆ ನನ್ನ ಹನ್ನೆರಡು ಚಿತ್ರವೂ ಸುಳ್ಳು, ಸೀಟೂ ಸುಳ್ಳು. ಬರದ ನಾಡಿನ ಬಣ್ಣ ಬೂದು ಎಂದು ಹೇಳಿ ಕೂತೆ. ಬಹಳ ಹೊತ್ತು ಚಪ್ಪಾಳೆ ಹೊಡೆದರು. ಅವರನ್ನು ಮೂರ್ಖರೆಂದು ಬೈಯುವ ಹಕ್ಕನ್ನು ನಾನು ಅವತ್ತೇ ಕಳೆದುಕೊಂಡೆ. ಆದರೂ ಬೈಯುತ್ತಲೇ ಬಂದಿದ್ದೇನೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ, ನಾಲ್ಕನೇ ಇಯತ್ತೆಯಲ್ಲಿದ್ದ ನನ್ನ ತಂಗಿಯಿಂದ ಹಾಸ್ಟೆಲಿಗೆ ಒಂದು ಕಾರ್ಡು ಬಂತು. "ಅಕ್ಕಾ, ಡ್ರಾಯಿಂಗದಾಗ ಗಿಣಿಗಿ ಹಸಿರು ಹಚ್ಚಿದೆ. ಸರ್ ಸೊನ್ನಿ ಕೊಟ್ರು. ನಿಮ್ಮ ಅಕ್ಕನ್ನ ಕೇಳು ಅಂದ್ರು. ಗಿಣಿಗಿ ಯಾವ ಬಣ್ಣ ಹಚ್ಚಲಿ?"

ಮರುದಿನವೇ ಉತ್ತರ ಬರೆದೆ: "ಸರ್ ಹೇಳಿದಂಗ ಮಾಡು."