ಅಪ್ಪನನ್ನು ಮಣ್ಣು ಮಾಡಲಿಲ್ಲ

ಅಪ್ಪ ತೀರಿಕೊಂಡ ದಿನ ನಾನು ಕಲಬುರಗಿಯ ಕುಸನೂರಿನ ನನ್ನ ಮನೆಯಿಂದ ನಮ್ಮೂರು ಕಮಲಾಪುರ ಮುಟ್ಟುವಷ್ಟರಲ್ಲಿ, ಅಪ್ಪನ ತಮ್ಮ, ನನ್ನ ಕಾಕಾ, ಹೊಲದಲ್ಲಿ ಕುಣಿ ತೋಡಲು ಆಳು ಕಳಿಸಿಯಾಗಿತ್ತು. ಅಪ್ಪನ ಆಸೆ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಅವಸರ ಮಾಡಿದ್ದ.

ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ದೇವರನ್ನು ನಂಬುತ್ತಿರಲಿಲ್ಲ, ನಂಬುವವರನ್ನು ಗೇಲಿ ಮಾಡುತ್ತಲೂ ಇರಲಿಲ್ಲ. ತನ್ನ ದೇಹವನ್ನು ಕಲಬುರಗಿಯ ವೈದ್ಯಕೀಯ ಕಾಲೇಜಿಗೆ ಕೊಡಬೇಕೆಂದು ಹಬ್ಬದ ಊಟಕ್ಕೆ ಕೂತಾಗಲೂ ಹೇಳುತ್ತಿದ್ದ. "ಸತ್ತ ದನಾ ಕೊಯ್ದು ನೋಡೇ ನಾ ಬದುಕಿದ್ದರ ಕಾಲು ಕೂಡಸ್ಲಾಕ ಕಲ್ತೀನಿ. ನನ್ನ ನೋಡಿ ನಾಕ್ ಹುಡುಗರು ಕಲೀಲಿ." ಈ ಮಾತು ಬಂದಾಗಲೆಲ್ಲ ಕಾಕಾ ತಾಟು ಸರಿಸಿ ಎದ್ದುಹೋಗುತ್ತಿದ್ದ.

ನಾನು ಕಾಲೇಜಿಗೆ ಫೋನ್ ಮಾಡುವುದನ್ನು ಕೇಳಿಸಿಕೊಂಡ ಕಾಕಾ ಬಾಗಿಲಿಗೆ ಅಡ್ಡ ನಿಂತ.

"ಅಪ್ಪನ್ನ ಕೊಯ್ಲಾಕ ಕೊಡ್ತಿ? ನೀ ಹೆಣ್ಮಗಳಾ, ಕಟುಕಾ?"

"ಅವರ ಮಾತ ನಡಸ್ಲಾಕತ್ತೀನಿ, ಕಾಕಾ."

"ಸತ್ತಾಂವಂದೇನು ಮಾತು? ನಾಳೆ ನನ್ನ ಮಗಳಿಗಿ ವರಾ ಬರ್ತಾರೇನು ಈ ಮನಿಗಿ?"

ಆಗ ತಿಳಿಯಿತು, ಅವನ ಚಿಂತೆ ಅಪ್ಪನ ಆತ್ಮದ್ದಲ್ಲ, ಬೀಗರ ಬಾಯಿಯದು. ಅಂಗಳ ತುಂಬ ಕೂತಿದ್ದ ನಂಟರಲ್ಲಿ ಒಬ್ಬರೂ ನನ್ನ ಪರ ಮಾತಾಡಲಿಲ್ಲ. ಇವರಲ್ಲಿ ಎಷ್ಟೋ ಜನರ ಎತ್ತು ಎಮ್ಮೆ ಉಳಿಸಲು ಅಪ್ಪ ಉಣ್ಣುವುದನ್ನು ಬಿಟ್ಟು ಓಡಿದ್ದ. ಹಿರಿಯರೊಬ್ಬರಂತೂ, "ದೆವ್ವಾಗಿ ತಿರಗ್ತಾನವಾ," ಎಂದು ನನಗೆ ಕೇಳುವಂತೆ ಹೇಳಿದರು. ಆ ಕ್ಷಣ ಆ ಅಂಗಳದಲ್ಲಿದ್ದ ಪ್ರತಿಯೊಬ್ಬರನ್ನೂ ನಾನು ದ್ವೇಷಿಸಿದೆ.

ಕಾಕಾ ಕೊನೆಗೆ ಅವ್ವನ ಹತ್ತಿರ ಹೋದ. ಅವ್ವ ದಿನಾ ಪೂಜೆ ಮಾಡುವವಳು, ಸೋಮವಾರ ಒಪ್ಪತ್ತು ಇರುವವಳು. ಅವಳು ತನ್ನ ಕಡೆಗೇ ಬರುತ್ತಾಳೆಂದು ಅವನಿಗೆ ಖಾತ್ರಿಯಿತ್ತು. ನಿಜ ಹೇಳಬೇಕೆಂದರೆ, ನನಗೂ ಅದೇ ಭಯ.

"ವೈನಿ, ಈಕಿಗಿ ಬುದ್ಧಿ ಹೇಳ್ರಿ. ಮಣ್ಣ ಕೊಡದಿದ್ರ ಅಣ್ಣಗ ಮುಕ್ತಿ ಇಲ್ಲ."

ಅವ್ವ ಅಪ್ಪನ ಮುಖದ ಮೇಲಿನ ನೊಣ ಓಡಿಸುತ್ತಲೇ ಅಂದಳು: "ನಾ ಗುಡಿಗಿ ಹೋಗ್ತೀನಂದ್ರ ಅವರು ಒಂದಿನಾನೂ ಬ್ಯಾಡ ಅನ್ಲಿಲ್ಲ. ಗುಡಿ ಬಾಗಲತನಾ ಬಂದು, ನನ್ನ ಚಪ್ಪಲಿ ಕಾಯ್ಕೊಂಡು ನಿಂದ್ರತಿದ್ರು. ಈಗ ಅವರು ಹೋಗೋ ಕಡಿ ನಾ ಹ್ಯಾಂಗ ಅಡ್ಡ ಬರ್ಲಿ? ಗಾಡಿ ಕರಸ್ಲಿ ಬಿಡು."

"ನಿಮ್ಮ ಮನಿ ಹೊಸ್ತಿಲಾ ಇನ್ನ ನಾ ತುಳಿಯಂಗಿಲ್ಲ," ಎಂದು ಕಾಕಾ ಹೊರಟ. ಅವನ ಹಿಂದೆ ಅರ್ಧ ಅಂಗಳ ಖಾಲಿಯಾಯಿತು. ಕಾಲೇಜಿನ ಗಾಡಿ ಬಂದಾಗ ಅಪ್ಪನನ್ನು ಏರಿಸಲು ಕೈ ಸಾಲದೆ, ಚಾಲಕನ ಜೊತೆ ನಾನೂ ಅವ್ವನೂ ಹಿಡಿದೆವು.

ಆಮೇಲೆ ಊರು ಅವ್ವನನ್ನು ಸುಮ್ಮನೆ ಬಿಡಲಿಲ್ಲ. ಗುಡಿಯಲ್ಲಿ ಅವಳು ಕೂತರೆ ಪಕ್ಕದ ಹೆಂಗಸರು ಎದ್ದು ಆಚೆ ಕೂಡುತ್ತಿದ್ದರು. ಕಲಬುರಗಿಗೆ ಬಂದುಬಿಡು ಎಂದರೆ ಕೇಳಲಿಲ್ಲ. "ಗುಡಿ ಅವರಪ್ಪಂದಲ್ಲ," ಎಂದು ಅದೇ ಜಾಗದಲ್ಲಿ ಹೋಗಿ ಕೂಡುತ್ತಾಳೆ, ಇವತ್ತಿಗೂ.

ಹೋದ ವರ್ಷ ಕಾಕಾನಿಗೆ ಎದೆನೋವು ಬಂದು, ಊರವರು ಕಲಬುರಗಿಯ ಆಸ್ಪತ್ರೆಯೊಂದಕ್ಕೆ ಸೇರಿಸಿ ಹೋಗಿದ್ದರು. ಕಾಕಿ ಹಿಂದೆಯೇ ತೀರಿಕೊಂಡಿದ್ದಳು; ಮಗಳು ಗಂಡನ ಮನೆಯಲ್ಲಿ, ಮಗ ಸೋಲಾಪುರದಿಂದ ಬರಬೇಕಿತ್ತು. ಅವ್ವ ಫೋನಿನಲ್ಲಿ, "ಅಲ್ಲಿ ಯಾರೂ ಇಲ್ಲಂತ ನೋಡು," ಎಂದಷ್ಟೇ ಹೇಳಿದಳು. ಆಟೋ ಹಿಡಿದು ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅವನನ್ನು ಬೈಯುತ್ತಲೇ ಇದ್ದೆ.

ನನ್ನನ್ನು ನೋಡಿ ಅವನು ಗೋಡೆಯ ಕಡೆ ಹೊರಳಿದ. "ಯಾಕ ಬಂದಿ? ನಿಮಗ ಪುಣ್ಯದ ಮ್ಯಾಲ ನಂಬಿಕಿ ಇಲ್ಲಲ್ಲ."

"ಇಲ್ಲ. ಪುಣ್ಯಕ್ಕಂತ ಬಂದಿಲ್ಲ. ನೀರ ಕೊಡ್ಲಾಕ ಯಾರೂ ಇರ್ಲಿಲ್ಲ, ಬಂದೀನಿ."

"ನಿನ್ನ ಕೈಲೆ ನಾ ಕುಡಿಯಂಗಿಲ್ಲ."

ಲೋಟವನ್ನು ಅವನ ಕೈಗೆ ಎಟುಕುವಲ್ಲಿಟ್ಟು ಸ್ಟೂಲಿನ ಮೇಲೆ ಕೂತೆ. ಅವನ ಮೇಲೆ ನನಗೆ ಪ್ರೀತಿ ಹುಟ್ಟಲಿಲ್ಲ, ಕರುಣೆಯೂ ಅಷ್ಟಕ್ಕಷ್ಟೆ. ಎದ್ದುಹೋಗುವುದು ತಪ್ಪೆನಿಸಿತು, ಅಷ್ಟೇ. ಅದಕ್ಕೆ ಸ್ವರ್ಗದ ಸಾಕ್ಷಿ ನನಗೆ ಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಕೈ ಚಾಚಿ ನೀರು ಕುಡಿದ, ನನ್ನ ಕಡೆ ನೋಡಲಿಲ್ಲ.

ಸಂಜೆ ಅವನ ಮಗ ಬಂದ. ನಾನು ಚೀಲ ತೆಗೆದುಕೊಂಡು ಎದ್ದೆ. ಕಾಕಾ ಗುಣವಾಗಿ ಊರಿಗೆ ಹೋದ. ಅವ್ವನ ಹೊಸ್ತಿಲನ್ನು ಇನ್ನೂ ತುಳಿದಿಲ್ಲ, ನಾನೂ ಕರೆದಿಲ್ಲ.