ಗಂಜಿ ಓದಿದ ಇತಿಹಾಸ

ಆ ಹುಡುಗಿ ಬಂದ ದಿನ ಆಸ್ಪತ್ರೆಯ ಬಟ್ಟೆ ಒಗೆಯುವ ಷೆಡ್ಡಿನಲ್ಲಿ ಬಾಯ್ಲರು ಕೆಟ್ಟು ಕೂತಿತ್ತು. ಒದ್ದೆ ಚಾದರಗಳ ಗುಡ್ಡೆ ಬಾಗಿಲವರೆಗೆ ಬೆಳೆದಿತ್ತು. ಒಣಗಿದವನ್ನು ಮಡಚುವ ಮೇಜಿನ ಹತ್ತಿರ ದೊಡ್ಡಮ್ಮ ನಿಂತಿದ್ದಳು. ಅವಳು ಅಲ್ಲಿ ಯಾರಿಗೂ ನಿಜವಾದ ದೊಡ್ಡಮ್ಮನಲ್ಲ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಆ ಷೆಡ್ಡಿನ ಹಬೆಯಲ್ಲೇ ಕೂದಲು ಬಿಳಿ ಮಾಡಿಕೊಂಡವಳಾದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ದಿನಗೂಲಿಗೆಂದು ಒಣಕಲು ಮೈಯ ಹುಡುಗಿಯೊಂದು ಒಳಗೆ ಬಂತು. ಮೇಲ್ವಿಚಾರಕ ಒದ್ದೆ ಗಂಟೊಂದನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದ.

"ಇದನ್ನ ಆ ಕಡೆ ಹೊತ್ತು ಹಾಕು."

"ಒಬ್ಬಳೇನಾ?"

"ಇಲ್ಲ, ನಿನ್ನ ಹಿಂದೆ ಮೆರವಣಿಗೆ ಕಳಿಸ್ತೀನಿ."

"ಮೆರವಣಿಗೆ ಬೇಡ. ಆ ತುದಿ ನೀವು ಹಿಡೀರಿ, ಸಾಕು."

ಮೇಲ್ವಿಚಾರಕನಿಗೆ ಏನು ತೋಚಿತೋ, ಬಗ್ಗಿ ತುದಿ ಹಿಡಿದ. ಇವಳು ಸಂಜೆಯವರೆಗೆ ಬಾಳುವುದಿಲ್ಲ ಎಂದುಕೊಂಡಳು ದೊಡ್ಡಮ್ಮ. ಹುಡುಗಿ ಸಂಜೆಯೂ ಬಾಳಿದಳು, ವರ್ಷವೂ ಬಾಳಿದಳು. ಬಗ್ಗದ ಆ ಕತ್ತು ನೋಡಿ ಹೆಂಗಸರು ಅವಳಿಗೆ ಗಂಜಿ ಎಂದು ಹೆಸರಿಟ್ಟರು. ಗಂಜಿ ಹಾಕಿ ಒಣಗಿಸಿದ ಬಟ್ಟೆ ನಿಲ್ಲಿಸಿದರೆ ನಿಲ್ಲುತ್ತದೆ, ಮಡಚಿದರೆ ಸದ್ದು ಮಾಡುತ್ತದೆ.

ದೊಡ್ಡಮ್ಮನಿಗೆ ಒಬ್ಬನೇ ಮಗ, ಲಾರಿ ಓಡಿಸುವವನು. ತಾಯಿ ಉಂಡಳೋ ಬಿಟ್ಟಳೋ ಎಂದು ಒಂದು ದಿನ ಕೇಳಿದವನಲ್ಲ. ಗಂಜಿ ಬಂದ ಮೇಲೆ ತಾಯಿಗೆ ಊಟದ ಡಬ್ಬಿ ತರತೊಡಗಿದ. ಡಬ್ಬಿ ಎತ್ತ ಹೊರಟಿದೆಯೆಂದು ದೊಡ್ಡಮ್ಮನಿಗೆ ಮೂರನೇ ದಿನಕ್ಕೇ ಗೊತ್ತಾಯಿತು. ಮದುವೆ ಮಾಡಿದಳು.

"ಇನ್ನು ಮೇಲೆ ಅತ್ತೆ ಅನ್ನು" ಎಂದರೆ ಗಂಜಿ ಒಪ್ಪಲಿಲ್ಲ. "ಅತ್ತೆ ಅಂದ್ರೆ ನಾಳೆನೇ ಜಗಳ ಶುರುವಾಗುತ್ತೆ. ನೀನು ದೊಡ್ಡಮ್ಮನಾಗೇ ಇರು."

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮಗ ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ. ತನ್ನ ಬಟ್ಟೆಬರೆ ಒಯ್ಯಲು ಬಂದವನ ಗಂಟನ್ನು ದೊಡ್ಡಮ್ಮನೇ ಹೊಸ್ತಿಲಾಚೆ ಇಟ್ಟಳು. "ನೀನು ಹೋಗೋನು, ಹೋಗು. ಇವಳು ಇರೋಳು" ಎಂದು ಬಾಗಿಲು ಹಾಕಿಕೊಂಡಳು. ಮಗನನ್ನು ಬಿಟ್ಟು ಸೊಸೆಯನ್ನು ಇಟ್ಟುಕೊಂಡವಳು ಎಂದು ಬೀದಿ ಆಡಿಕೊಂಡಿತು. ಬೀದಿಗೆ ಬಾಯಿ ಕೊಟ್ಟರೆ ಮನೆಗೆ ಉಸಿರು ಉಳಿಯುವುದಿಲ್ಲ. ಇಬ್ಬರೂ ತಮ್ಮ ಪಾಳಿಗೆ ಹೋದರು.

ಮೊಣಕಾಲು ಕೈಕೊಟ್ಟು ದೊಡ್ಡಮ್ಮ ಮನೆ ಹಿಡಿದಳು. ಮನೆಯೆಂದರೆ ಒಂದು ಕೋಣೆ, ಒಂದು ಕಿಟಕಿ. ಅದರ ಬಾಡಿಗೆ, ಇಬ್ಬರ ಹೊಟ್ಟೆ, ಮೊಣಕಾಲಿನ ಮಾತ್ರೆ ಎಲ್ಲವೂ ಗಂಜಿಯ ಕೂಲಿಯ ಮೇಲೆ ನಿಂತವು. ಅಷ್ಟರಲ್ಲಿ ಷೆಡ್ಡಿನ ಬಾಗಿಲಿಗೆ ನೋಟೀಸು ಬಂತು. ಹೈಸ್ಕೂಲು ಪಾಸಾದ ದಿನಗೂಲಿಯವರನ್ನು ಕಾಯಂ ಮಾಡಲಾಗುವುದು, ಎರಡು ವರ್ಷದೊಳಗೆ ಪಾಸಾಗದವರನ್ನು ಬಿಡಲಾಗುವುದು.

ಪರೀಕ್ಷೆ ಕಟ್ಟುತ್ತೇನೆಂದು ಗಂಜಿ ಹೇಳಿದಾಗ ಮೇಲ್ವಿಚಾರಕ ನಕ್ಕ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ."

"ಈ ಆಸ್ಪತ್ರೆ ಹಾಸಿಗೆ ಪೂರ್ತಿ ಒಗೆಯೋಳು ನಾನು. ಅದರ ಉದ್ದ ನನಗೆ ನೀವು ಹೇಳಬೇಡಿ."

ಅಲ್ಲಿ ಅಷ್ಟು ಅಂದು ಬಂದವಳು ಮನೆಯಲ್ಲಿ ಡಬ್ಬಿಯನ್ನು ಕುಕ್ಕಿ ಇಟ್ಟಳು. "ಚಾದರ ನನ್ನ ಹತ್ರ ಅಂಕಪಟ್ಟಿ ಕೇಳುತ್ತಾ ದೊಡ್ಡಮ್ಮ? ಹೈಸ್ಕೂಲು ಪಾಸಾದೋರ ಕೈಗೆ ರಕ್ತದ ಕಲೆ ಬೇಗ ಹೋಗುತ್ತಾ?"

"ಹೋಗಲ್ಲ."

"ಮತ್ತೆ?"

"ಮತ್ತೇನು, ಓದು. ಬೈಕೊಂಡೇ ಓದು."

ಕೆಲಸ ಮುಗಿಸಿ ಸಂಜೆ ಶಾಲೆಗೆ ಹೋದಳು. ಚಿಕ್ಕ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಳು. ಮೊದಲ ವರ್ಷ ಲೆಕ್ಕ, ಭಾಷೆ, ವಿಜ್ಞಾನ ಎಲ್ಲ ದಾಟಿದಳು. ಇತಿಹಾಸ ಒಂದು ಹೋಯಿತು. ಯಾಕೆ ಹೋಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಅದನ್ನು ಓದಿದಷ್ಟು ಬೇರೇನನ್ನೂ ಅವಳು ಓದಿರಲಿಲ್ಲ.

ಪುಸ್ತಕ ರದ್ದಿ ಅಂಗಡಿಯಿಂದ ತಂದದ್ದು. ಗಂಜಿ ಅಡುಗೆ ಮಾಡುತ್ತಾ ಬಾಯಿಪಾಠ ಒಪ್ಪಿಸುವಳು. ದೊಡ್ಡಮ್ಮ ಕಿಟಕಿಯ ಕೆಳಗೆ ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಿಟ್ಟು ಸರಿಯೋ ತಪ್ಪೋ ನೋಡುವಳು. ದೊಡ್ಡಮ್ಮನದು ಎರಡನೇ ಕ್ಲಾಸಿನ ಓದು. ಒತ್ತಕ್ಷರ ಬಂದರೆ ನಿಂತು ಉಸಿರು ತೆಗೆದುಕೊಂಡು ಹತ್ತಬೇಕು, ಮೆಟ್ಟಿಲು ಹತ್ತಿದ ಹಾಗೆ. ನಿಲ್ಲಿಸಿದ ಕಡೆ ಒಂದು ನೂಲಿನ ತುಂಡು ಇಡುತ್ತಿದ್ದರು. ಪುಟದ ಅಂಕಿ ನೋಡುವ ರೂಢಿ ಇಬ್ಬರಿಗೂ ಇರಲಿಲ್ಲ.

ಅದರಲ್ಲಿ ಒಂದು ಕಡೆ ಪುಟದ ಕೊನೆಯ ಸಾಲು "ಪರಕೀಯರ ಆಡಳಿತವು ದೇಶದಲ್ಲಿ ಭದ್ರವಾಗಿ ಬೇರೂರಿ" ಎಂದಿತ್ತು. ಹಾಳೆ ಮಗುಚಿದರೆ "ಎರಡು ಸದನಗಳನ್ನು ಹೊಂದಿದ್ದು, ಕೆಳಮನೆಯ ಸದಸ್ಯರನ್ನು ಜನರೇ ಆರಿಸುತ್ತಾರೆ" ಎಂದಿತ್ತು. ಎರಡನ್ನೂ ಒಂದೇ ಉಸಿರಿಗೆ ಗಂಜಿ ಬಾಯಿಪಾಠ ಮಾಡಿದಳು. ಅಕ್ಷರ ಬಿಡದೆ ಒಪ್ಪಿಸಿದಳು. ಬೆರಳಿಟ್ಟು ನೋಡಿದ ದೊಡ್ಡಮ್ಮ ಸರಿ ಎಂದಳು.

ಒಂದು ದಿನ ಒಗ್ಗರಣೆಯ ಸೌಟು ಹಿಡಿದು ಗಂಜಿ ನಿಂತಳು. "ಅಲ್ಲ ದೊಡ್ಡಮ್ಮ, ಈ ಪರಕೀಯರು ಹೋಗಿದ್ದು ಯಾವಾಗ? ಇಲ್ಲಿ ನೋಡಿದ್ರೆ ಕುರ್ಚಿ ಮೇಲೆ ಭದ್ರವಾಗಿ ಕೂತಿದ್ದಾರೆ. ಅಲ್ಲಿ ನೋಡಿದ್ರೆ ನಾವೇ ಓಟು ಹಾಕ್ತಿದೀವಿ."

"ದೊಡ್ಡೋರು ಕೂತು ಮಾತಾಡಿಕೊಂಡಿರ್ತಾರೆ. ನಮಗ್ಯಾಕೆ ಹೇಳ್ತಾರೆ?"

ಇದು ಇಬ್ಬರಿಗೂ ಸಹಜವಾಗಿ ಕಂಡಿತು. ಷೆಡ್ಡಿನಲ್ಲಿ ಹಿಂದೆ ಮೇಲ್ವಿಚಾರಕರು ಬದಲಾದದ್ದು ಹಾಗೆಯೇ. ಪಾಳಿ ಬದಲಾದದ್ದು, ಕೂಲಿ ಕಡಿದದ್ದು, ನೀರಿನ ತೊಟ್ಟಿಗೆ ಬೀಗ ಬಿದ್ದದ್ದು ಎಲ್ಲವೂ ಹಾಗೆಯೇ. ನಿನ್ನೆ ಒಂದಿರುತ್ತದೆ, ಇವತ್ತು ಇನ್ನೊಂದು. ನಡುವೆ ಏನಾಯಿತೆಂದು ಅವರಿಗೆ ಹೇಳಿದವರಿಲ್ಲ. ದೇಶದ ಕಥೆಯೂ ಹಾಗೇ ಇರಬೇಕೆಂದು ನಂಬಿದರು. ಶಾಲೆಯ ಗೋಡೆಯ ಮೇಲಿನ ನಾಯಕರ ಫೋಟೋಗಳ ಮುಖ ಗಂಜಿಗೆ ಗೊತ್ತಿತ್ತು, ಹೆಸರೂ ಗೊತ್ತಿತ್ತು. ಆ ಜನ ಏನು ಮಾಡಿದರೆಂಬುದು ಮಾತ್ರ ಅವಳ ಪುಸ್ತಕದಲ್ಲಿ ಇರಲಿಲ್ಲ. ಶಾಲೆಯಲ್ಲಿ ಕೇಳಿದರೆ ಇತಿಹಾಸದ ಮೇಷ್ಟ್ರು, "ಅದು ಎಲ್ಲರಿಗೂ ಗೊತ್ತಿರೋ ಪಾಠ, ಮನೇಲಿ ಓದಿಕೊಳ್ಳಿ" ಎಂದು ಮುಂದಕ್ಕೆ ಹೋದರು.

ಹಾಗಾಗಿ ದೊಡ್ಡಮ್ಮ ತನ್ನ ನೆನಪಿನಿಂದ ಹೇಳಿದಳು. ಆಗ ಅವಳು ಚಿಕ್ಕವಳು, ತಾಯಿಯ ಜೊತೆ ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕಲ್ಲಿಗೆ ಬರುತ್ತಿದ್ದಳು. ಒಂದು ಬೆಳಿಗ್ಗೆ ಅಂಚೆ ಕಚೇರಿಯ ಮೇಲೆ ಬೇರೆ ಬಾವುಟ ಇತ್ತು. ಚಾದರದ ಮೂಲೆಯಲ್ಲಿ ಒತ್ತುವ ಮುದ್ರೆ ಬದಲಾಯಿತು. ಹಳೆಯ ಮುದ್ರೆಯನ್ನು ಉಜ್ಜಿ ತೆಗೆಯುವ ಕೆಲಸ ಹೆಚ್ಚಿಗೆ ಬಿತ್ತು. ಅವಳ ತಾಯಿಯ ಅಂಗೈ ಸುಲಿದುಹೋಯಿತು.

ಎರಡನೇ ವರ್ಷ ದೊಡ್ಡ ಪರೀಕ್ಷೆಗೆ ಮೊದಲು ಶಾಲೆಯಲ್ಲೇ ಒಂದು ಪೂರ್ವತಯಾರಿ ಪರೀಕ್ಷೆ ಇಟ್ಟರು. ಪರಕೀಯರ ಆಡಳಿತ ಕೊನೆಗೊಂಡ ಕಾರಣಗಳನ್ನು ವಿವರಿಸಿ ಎಂದು ಕೇಳಿದ್ದರು. ಉತ್ತರ ಪತ್ರಿಕೆ ಹಂಚುವ ದಿನ ಮೇಷ್ಟ್ರು ಗಂಜಿಯ ಉತ್ತರವನ್ನು ಎಲ್ಲರಿಗೂ ಕೇಳುವಂತೆ ಓದಿದರು. "ದೊಡ್ಡವರು ಮಾತಾಡಿಕೊಂಡರು. ಅವರು ಹೋದರು. ಆಸ್ಪತ್ರೆಯ ಚಾದರದ ಮುದ್ರೆ ಬದಲಾಯಿತು. ಚಾದರ ಅದೇ."

ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. "ಸೊನ್ನೆ ಕೊಡೋಕೂ ಮನಸ್ಸು ಬರಲಿಲ್ಲ, ಅಷ್ಟು ಚೆನ್ನಾಗಿದೆ" ಎಂದರು. ಕೊಟ್ಟದ್ದು ಸೊನ್ನೆಯೇ.

ಗಂಜಿ ಎದ್ದು ಹೋಗಿ ತನ್ನ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಇದರಲ್ಲಿ ಎಲ್ಲಿದೆ ತೋರಿಸಿ."

ಮೇಷ್ಟ್ರು ಹಾಳೆ ತಿರುವಿದರು. ಹಿಂದಕ್ಕೆ ತಿರುವಿದರು, ಮತ್ತೆ ಮುಂದಕ್ಕೆ. "ಪುಟಗಳೇ ಇಲ್ಲವಲ್ಲಮ್ಮ. ಯಾರೋ ಹರಿದಿದ್ದಾರೆ. ನೋಡಿಕೊಳ್ಳಬಾರದಾ?"

"ಎರಡು ವರ್ಷ ಈ ಪುಸ್ತಕ ನಿಮ್ಮ ಕಣ್ಣ ಮುಂದೇ ಇತ್ತು. ಗೈಡು ಬಿಟ್ಟು ಇದನ್ನ ಒಂದು ದಿನ ಮುಟ್ಟಿದ್ರಾ? ಇಲ್ಲದ ಪಾಠನ ಮನೇಲಿ ಓದು ಅಂದೋರು ನೀವು. ನಾನು ಓದಿದೆ. ಇಲ್ಲದ್ದನ್ನ ಇಲ್ಲದ ಹಾಗೇ ಬರೆದೆ. ಈಗ ನಗ್ತೀರಾ?"

ಪುಸ್ತಕ ಎತ್ತಿಕೊಂಡು ಬೆಂಚಿಗೆ ವಾಪಸು ಬಂದಳು.

ಮರುದಿನ ಅತ್ತೆ ಸೊಸೆ ಇಬ್ಬರೂ ರದ್ದಿ ಅಂಗಡಿಗೆ ಹೋದರು. ದೊಡ್ಡಮ್ಮನ ಸಿಟ್ಟು ಇಸ್ತ್ರಿಪೆಟ್ಟಿಗೆಯ ಹಾಗೆ, ಕಾಯಲು ಹೊತ್ತು ಬೇಕು, ಕಾದರೆ ಆರುವುದಿಲ್ಲ. ಕೋಲೂರಿಕೊಂಡು ಅಂಗಡಿಯ ಮುಂದೆ ನಿಂತಳು.

"ಹರಿದ ಪುಸ್ತಕ ಮಾರೋಕೆ ನಾಚಿಕೆ ಆಗಲ್ವೇನಪ್ಪ?"

ಅಂಗಡಿಯವನು ತಕ್ಕಡಿಯಿಂದ ತಲೆ ಎತ್ತಲಿಲ್ಲ. "ನಾನು ತೂಕಕ್ಕೆ ತಗೊಳ್ಳೋನಜ್ಜಿ. ಪರೀಕ್ಷೆಗೆ ಬಂದೇ ಬರುತ್ತೆ ಅನ್ನೋ ಪಾಠ ಇದೆಯಲ್ಲ, ಅದನ್ನ ಮಕ್ಕಳು ಹರಿದು ಕಾಲುಚೀಲದಲ್ಲಿಟ್ಟುಕೊಂಡು ಹೋಗ್ತಾವೆ. ಮುಖ್ಯವಾದ ಪುಟ ಇರೋ ಪುಸ್ತಕ ರದ್ದಿಗೆ ಬರೋದೇ ಇಲ್ಲ. ಮಿಕ್ಕಿದ್ದು ಬರುತ್ತೆ."

"ಮಿಕ್ಕಿದ್ದು ನಮಗೆ" ಎಂದಳು ಗಂಜಿ.

ಬೆಂಚಿನ ಪಕ್ಕದವಳಿಂದ ಪುಸ್ತಕ ತಂದು, ಇಲ್ಲದ ಪಾಠವನ್ನು ಓದಿದಳು. ದೊಡ್ಡಮ್ಮನಿಗೂ ಜೋರಾಗಿ ಓದಿ ಹೇಳಿದಳು. ಗಿರಣಿ ನಿಲ್ಲಿಸಿದವರು, ಜೈಲಿಗೆ ಹೋದವರು, ರೈಲಿನ ಹಳಿಯ ಮೇಲೆ ಮಲಗಿದವರು, ಗುಂಡೇಟಿಗೆ ಬಿದ್ದವರು. ದೊಡ್ಡಮ್ಮ ಮಡಚಿದ ಕೈ ಬಿಚ್ಚದೆ ಕೇಳಿದಳು. ಅಷ್ಟೆಲ್ಲ ನಡೆಯುವಾಗ ತಾನು ಕಲ್ಲಿನ ಪಕ್ಕದಲ್ಲೇ ಇದ್ದೆನಲ್ಲ, ಸೋಪಿನ ನೊರೆ ಊದುತ್ತಾ. ಓದುತ್ತಾ ಓದುತ್ತಾ ಗಂಜಿಯ ಮುಖ ಕೆಂಪಾಯಿತು. "ಮಾತಾಡಿಕೊಂಡು ಹೋದೋರಲ್ಲ ಆ ಪರಕೀಯರು. ಈ ಜನ ಯಾಕೆ ಅಂತ ಕೇಳಿ ಕೇಳಿ, ತಡಕೊಳ್ಳೋಕಾಗದೆ ಹೋದೋರು" ಎಂದು ಹಾಳೆಗೆ ಬೆರಳು ಕುಟ್ಟಿದಳು.

ಆ ಸಲ ಇತಿಹಾಸ ಪಾಸಾಯಿತು. ಬಂದದ್ದು ಒಳ್ಳೆಯ ಅಂಕವೇ. ಅಂಕಪಟ್ಟಿಯನ್ನು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದು ಗಂಜಿ ಮೇಲ್ವಿಚಾರಕನ ಕೋಣೆಗೆ ಹೋದಳು. ಅವತ್ತು ದೊಡ್ಡಮ್ಮನೂ ಜೊತೆಗಿದ್ದಳು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ.

ಅವನು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಆ ಯೋಜನೆ ನಿಂತುಹೋಯ್ತಲ್ಲ, ಗೊತ್ತಿಲ್ವಾ? ಬರೋ ತಿಂಗಳಿಂದ ಷೆಡ್ಡು ಗುತ್ತಿಗೆದಾರರಿಗೆ. ಅವರ ಜನ ಅವರೇ ಕರಕೊಂಡು ಬರ್ತಾರೆ."

"ಗಡುವು ಇನ್ನೂ ಮುಗಿದಿಲ್ಲ. ಯಾವಾಗ ನಿಂತಿದ್ದು?"

"ಯಾವಾಗಲೋ."

"ಯಾರು ನಿಲ್ಲಿಸಿದ್ದು?"

"ಮೇಲಿನೋರು. ಕೂತು ಮಾತಾಡಿದ್ರು, ನಿಲ್ಲಿಸಿದ್ರು."

"ಯಾಕೆ?"

"ಏನಮ್ಮ, ನನಗೇ ಪರೀಕ್ಷೆ ಇಡ್ತಿದೀಯಾ?"

"ಹೂಂ. ಕಾರಣಗಳನ್ನು ವಿವರಿಸಿ, ಐದು ಅಂಕ. ದೊಡ್ಡೋರು ಮಾತಾಡಿಕೊಂಡ್ರು ಅಂತ ನಾನು ಬರೆದಿದ್ದಕ್ಕೆ ಸೊನ್ನೆ ಕೊಟ್ರು. ನಿಮಗೂ ಸೊನ್ನೆ."

ಒದ್ದೆ ಗಂಟಿನ ತುದಿ ಹಿಡಿದಿದ್ದ ಮನುಷ್ಯ ಈ ಸಲ ಬಗ್ಗಲಿಲ್ಲ. ಹೊರಗೆ ಹೋಗು ಎಂದ. ಗಂಜಿ ಹೊರಗೆ ಬಂದಳು, ಆದರೆ ಮನೆಗೆ ಹೋಗಲಿಲ್ಲ. ಷೆಡ್ಡಿನ ನಡುವೆ ನಿಂತು, ಪಾಸಾದವರಿಗೂ ಫೇಲಾದವರಿಗೂ ಒಂದೇ ಮಾತು ಹೇಳಿದಳು. ಯೋಜನೆ ನಿಲ್ಲಿಸಿದ ಕಾಗದದ ಮೇಲೆ ಸಹಿ ಹಾಕಿದವನ ಹೆಸರು ಬೇಕು, ತಾರೀಖು ಬೇಕು, ಕಾರಣ ಬೇಕು. ಅವನು ಹೇಳುವವರೆಗೆ ಅವನ ಬಾಗಿಲಲ್ಲಿ ಕೂರೋಣ. ಬೆಕ್ಕಿಗೆ ಗಂಟೆ ಕಟ್ಟೋರು ಯಾರೇ ಎಂದಳು ಒಬ್ಬಳು. "ಗಂಟೆ ನಾನು ಹಿಡೀತೀನಿ, ಬೆಕ್ಕನ್ನ ನೀವು ಹಿಡೀರಿ" ಎಂದಳು ಗಂಜಿ. ಆರು ಮಂದಿ ಹೊರಟರು.

ಆ ಸಹಿ ಬಿದ್ದ ದೊಡ್ಡ ಕಚೇರಿ ಬೇರೆ ಊರಿನಲ್ಲಿತ್ತು. ಬೆಳಗಿನ ಬಸ್ಸು. ದೊಡ್ಡಮ್ಮ ಕೋಲೂರಿಕೊಂಡು ಬಸ್ಸಿನವರೆಗೆ ಬಂದಳು, ಕಟ್ಟಿ ತಂದಿದ್ದ ಊಟವನ್ನು ಕಿಟಕಿಯಿಂದ ಕೊಟ್ಟಳು. "ಕತ್ತು ಸ್ವಲ್ಪ ಬಗ್ಗಿಸೇ ಅಲ್ಲಿ, ದೊಡ್ಡ ಜನ" ಎಂದಳು. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು.

ಗಂಜಿ ಊಟದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವಳನ್ನೇ ನೋಡಿದಳು. ಆ ಸಿಟ್ಟು ಮೇಷ್ಟ್ರ ಮೇಲೂ, ಮೇಲ್ವಿಚಾರಕನ ಮೇಲೂ ಬಿದ್ದದ್ದನ್ನು ದೊಡ್ಡಮ್ಮ ಕಂಡಿದ್ದಳು. ತನ್ನ ಮೇಲೆ ಬಿದ್ದದ್ದು ಅದೇ ಮೊದಲು. ಡ್ರೈವರು ಬಂಡಿ ಚಾಲೂ ಮಾಡಿದ. ಗಂಜಿ ಕಿಟಕಿಗೆ ಬಾಗಿ ಕೇಳಿದಳು:

"ದೊಡ್ಡಮ್ಮ, ಆವತ್ತು ಬೆಳಿಗ್ಗೆ ಬೇರೆ ಬಾವುಟ ಇತ್ತು ಅಂದ್ಯಲ್ಲ. ಚಾದರಕ್ಕೆ ಬೇರೆ ಮುದ್ರೆ ಒತ್ತಿದ್ರು, ನಿಮ್ಮಮ್ಮನ ಕೈ ಸುಲಿದುಹೋಯ್ತು ಅಂದ್ಯಲ್ಲ. ಆಗ ನಿಮ್ಮಲ್ಲಿ ಒಬ್ಬರಾದ್ರೂ ಯಾಕೆ ಅಂತ ಕೇಳಿದ್ರಾ?"