ಖಾಲಿ ಮೇಜಿನ ಒಂದು ಗಂಟೆ

ನನ್ನ ಬರೆಯುವ ಮೇಜಿನ ಬಣ್ಣ ಹಸಿರು ಎಂಬುದು ಈ ಸಲದ ಮಹಾಲಯ ಅಮಾವಾಸ್ಯೆಯ ದಿನ ನನಗೆ ಗೊತ್ತಾಯಿತು. ಹನ್ನೊಂದು ವರ್ಷದಿಂದ ಅದರ ಮುಂದೆ ಕೂರುತ್ತಿದ್ದೇನೆ. ಯಾರಾದರೂ ಕೇಳಿದ್ದರೆ ಕಂದು ಎನ್ನುತ್ತಿದ್ದೆ. ಮೇಲಿದ್ದುದನ್ನೆಲ್ಲ ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ, ಹಳೆಯ ಬಸ್ಸಿನ ಸೀಟಿನಂಥ ಹಸಿರು ರೆಕ್ಸಿನ್ ನಾಚಿಕೊಂಡು ಹೊರಗೆ ಬಂತು. ನನಗೂ ಸ್ವಲ್ಪ ನಾಚಿಕೆಯಾಯಿತು.

ನಾಚಿಕೆಗೆ ಇನ್ನೊಂದು ಕಾರಣವಿದೆ. ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಅಲ್ಲಿ ಸಾವಿರಾರು ಬಗೆಯ ಬೋಲ್ಟು, ನಟ್ಟು, ವಾಷರುಗಳಿವೆ. ಯಾವುದನ್ನು ಕೇಳಿದರೂ ಕಣ್ಣು ಮುಚ್ಚಿಕೊಂಡು ಹೋಗಿ ತಂದುಕೊಡಬಲ್ಲೆ. ಮನೆಯಲ್ಲಿ ಮಾತ್ರ ಹಾಕಿಕೊಂಡಿರುವ ಕನ್ನಡಕವನ್ನೇ ಮೇಜಿನ ಮೇಲೆ ಹುಡುಕುತ್ತೇನೆ. ಶಿಸ್ತು ಎನ್ನುವುದು ನನ್ನ ಪಾಲಿಗೆ ಯೂನಿಫಾರ್ಮಿನ ಜೊತೆ ಬರುವ ವಸ್ತು. ಸಂಜೆ ಅದನ್ನು ಬಿಚ್ಚಿ ಗೂಟಕ್ಕೆ ತಗಲುಹಾಕುತ್ತೇನೆ.

ಇಷ್ಟು ವರ್ಷ ಇಲ್ಲದ ಶುಚಿತ್ವ ಈಗೇಕೆ ಎಂದು ನೀವು ಕೇಳಬಹುದು. ಐವತ್ತಮೂರನೆಯ ವಯಸ್ಸಿನಲ್ಲಿ ನನ್ನ ಮೊದಲ ಪುಸ್ತಕ ಬರುವುದರಲ್ಲಿತ್ತು. ಹತ್ತೊಂಬತ್ತು ಪ್ರಬಂಧ ಕೊಟ್ಟಾಗಿತ್ತು. ಇಪ್ಪತ್ತನೆಯದು ಮೂರು ತಿಂಗಳಿಂದ ಬರುತ್ತಲೇ ಇತ್ತು. ಪ್ರಕಾಶಕರಾದ ನಂಜುಂಡಯ್ಯನವರು ಒಳ್ಳೆಯವರು, ಆದರೆ ಪ್ರೆಸ್ಸಿನಲ್ಲಿ ಒಳ್ಳೆಯತನಕ್ಕೂ ಸರದಿ ಇರುತ್ತದೆ.

"ವಿಜಯದಶಮಿ ದಿನ ಇಪ್ಪತ್ತನೇದು ನನ್ನ ಕೈಗೆ ಬರ್ಬೇಕು ಸ್ವಾಮಿ. ಇಲ್ಲಾಂದ್ರೆ ನಿಮ್ಮ ಜಾಗಕ್ಕೆ ಸಕ್ಕರೆ ಕಾಯಿಲೆಯವರ ಅಡುಗೆ ಪುಸ್ತಕ ಹಾಕ್ಬುಡ್ತೀನಿ. ಅದನ್ನ ಬರೆದವ್ರು ಹೋದ ತಿಂಗಳೇ ಕೊಟ್ಬುಟ್ಟಿದ್ದಾರೆ" ಎಂದರು.

"ಹಾಗಾದ್ರೆ ನಂದು ಯಾವಾಗ?"

"ಆಮೇಲೆ."

ಪ್ರಕಾಶಕರ ಬಾಯಲ್ಲಿ 'ಆಮೇಲೆ' ಎಂಬುದು ಎಷ್ಟು ವರ್ಷ ಉದ್ದವಿರುತ್ತದೆ ಎಂದು ತಿಳಿದಿರುವ ವಯಸ್ಸು ನನ್ನದು.

ಚಿಂತೆ ನನಗೆ ಹುಟ್ಟುಗುಣ. ಚಿಂತೆಯಿಲ್ಲದ ದಿನ, ಏನನ್ನೋ ಮರೆತಿರಬೇಕು ಎಂದು ಚಿಂತೆಯಾಗುತ್ತದೆ. ಆ ಭಯದಲ್ಲೇ ಫೋನಿನಲ್ಲಿ ಒಬ್ಬಾಕೆಯ ವಿಡಿಯೊ ನೋಡಿದೆ. ಮೇಜು ಖಾಲಿಯಾದರೆ ಮನಸ್ಸು ಖಾಲಿಯಾಗುತ್ತದೆ, ಗುರಿಯನ್ನು ಬರೆದು ಗೋಡೆಗೆ ಅಂಟಿಸಿಕೊಂಡರೆ ಬರವಣಿಗೆ ತಾನಾಗಿ ಬರುತ್ತದೆ ಎಂದಳು. ಆಕೆಯ ಹಿಂದಿದ್ದ ಮೇಜಿನ ಮೇಲೆ ಒಂದು ಹೂದಾನಿ ಬಿಟ್ಟು ಏನೂ ಇರಲಿಲ್ಲ. ಆ ಮೇಜಿನ ಮೇಲೆ ಆಕೆ ಇದುವರೆಗೆ ಏನು ಬರೆದಿದ್ದಾಳೆ ಎಂದು ಕೇಳುವುದು ನನಗೆ ಹೊಳೆಯಲಿಲ್ಲ.

ದಸರೆಯ ಉದ್ದಕ್ಕೂ ರಜೆ ಹಾಕಿದೆ. 'ದಿನಕ್ಕೆ ಐನೂರು ಪದ', 'ಐದೂವರೆಗೆ ಏಳುವುದು', 'ಎದ್ದ ಮೇಲೆ ಮತ್ತೆ ಮಲಗದಿರುವುದು' ಎಂದು ಹಳದಿ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮೂರು ರಟ್ಟಿನ ಡಬ್ಬ ತಂದು 'ಇರಲಿ', 'ಹೋಗಲಿ', 'ನೋಡೋಣ' ಎಂದು ಹೆಸರಿಟ್ಟೆ. ಮೊದಲೆರಡು ಡಬ್ಬಗಳ ತಳ ಕೊನೆಯವರೆಗೂ ಕಾಣುತ್ತಿತ್ತು. ಮೂರನೆಯದು ಅರ್ಧ ಗಂಟೆಯಲ್ಲಿ ತುಂಬಿ, ಅದರ ಪಕ್ಕಕ್ಕೆ ಎರಡನೆಯ 'ನೋಡೋಣ' ಬೇಕಾಯಿತು.

ಏನೇನಿತ್ತು ಎನ್ನುತ್ತೀರಿ? ಬರೆಯದ ಪೆನ್ನು ಹನ್ನೊಂದು. ಕನ್ನಡಕದ ಹಳೆಯ ಡಬ್ಬಿ ಐದು, ಒಳಗೆ ಕನ್ನಡಕದ ಸಮೇತ. ಕಣ್ಣಿನ ಪವರ್ ಏರಿದ ಹಾಗೆಲ್ಲ ಹಳೆಯದನ್ನು ಎತ್ತಿಟ್ಟಿದ್ದೆ, ಅಕಸ್ಮಾತ್ ಕಣ್ಣು ಸುಧಾರಿಸಿದರೆ ಇರಲಿ ಎಂದು. ಯಾವ ಬೀಗದ್ದೆಂದು ಗೊತ್ತಿಲ್ಲದ ಒಂದು ಕೀಲಿಕೈ. ಎಸೆದ ಮಾರನೆಯ ದಿನವೇ ಆ ಬೀಗ ಎದುರಾಗುತ್ತದೆ ಎಂದು ನನಗೆ ಖಾತರಿಯಿದೆ. ಇನ್ನು ಮದುವೆಯ ಕರೆಯೋಲೆಗಳು. ಅವುಗಳ ಬೆನ್ನು ಖಾಲಿ ಇರುತ್ತದಲ್ಲ, ಬರೆಯಲು ಆಗುತ್ತದೆ ಎಂದು ಕೂಡಿಟ್ಟವು. ಎಷ್ಟೋ ಕರೆಯೋಲೆಗಳ ಬೆನ್ನಿನಲ್ಲಿ ಒಂದೊಂದು ಪ್ರಬಂಧದ ಮೊದಲ ಸಾಲಿತ್ತು. ಮದುವೆಯಾದವರ ಮಕ್ಕಳು ನಾಲ್ಕನೆಯ ಕ್ಲಾಸಿಗೆ ಬಂದಿದ್ದಾರೆ. ನನ್ನ ಎರಡನೆಯ ಸಾಲು ಬಂದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಜು ಕನ್ನಡಿಯ ಹಾಗಿತ್ತು. ಮುಂದೆ ಕೂತೆ. ಓಲೆಗರಿಯ ಕಾಲದವರಿಗೆ ಮೇಜೇ ಇರಲಿಲ್ಲ ಎಂಬ ಯೋಚನೆ ಬಂತು. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಅಕ್ಷರ ಗೀರುವ ಕಬ್ಬಿಣದ ಕಂಠ, ಮಡಿಸಿದ ಮೊಣಕಾಲೇ ಆಸರೆ. ಗೀರಿದ್ದು ಅಳಿಸಲು ಬರುವಂತಿಲ್ಲ. ಡ್ರಾಯರ್ ಇಲ್ಲವಾದ್ದರಿಂದ ಅರ್ಧ ಬರೆದು ಒಳಗೆ ತಳ್ಳುವಂತೆಯೂ ಇಲ್ಲ. ಅವರು ದಿನಕ್ಕೆ ಐನೂರು ಪದ ಎಂದು ತಾಳೆಮರಕ್ಕೆ ಚೀಟಿ ಅಂಟಿಸಿದ್ದರು ಎಂದು ಯಾರೂ ಹೇಳಿಲ್ಲ. ಹೀಗೆ ಕಾಲು ಗಂಟೆ ಯೋಚಿಸಿದೆ. ಒಂದು ಪದವೂ ಬರಲಿಲ್ಲ. ಹೊಸ ನೋಟ್‌ಬುಕ್ ಇಲ್ಲದ್ದೇ ಕಾರಣ ಎಂದು ತೀರ್ಮಾನಿಸಿ, ಲಕ್ಷ್ಮೀಪುರಂನ ನಮ್ಮ ಮನೆಯಿಂದ ಚಾಮರಾಜಪುರಂವರೆಗೆ ನಡೆದುಕೊಂಡು ಹೋಗಿ ಒಂದನ್ನು ಆರಿಸಿ ತಂದೆ. ಒಂದು ಗಂಟೆ ಹಿಡಿದಿರಬಹುದು.

ಬಂದು ನೋಡಿದರೆ ಕೋಣೆಯಲ್ಲಿ ಮೇಜಿಲ್ಲ. ನಡುಮನೆಯಲ್ಲಿ ಬಿಳಿ ಪಂಚೆ ಹೊದ್ದ ಒಂಬತ್ತು ಮೆಟ್ಟಿಲು ಎದ್ದು ನಿಂತಿತ್ತು. ಅತ್ಯಂತ ಮೇಲಿನ ಮೆಟ್ಟಿಲುಗಳ ಅಡಿಯಲ್ಲಿ, ಪಂಚೆಯ ಸಂದಿನಿಂದ, ಒಂದು ಅಂಗೈ ಅಗಲದ ಹಸಿರು ಕಾಣುತ್ತಿತ್ತು.

ಮೈಸೂರಿನಲ್ಲಿ ಹುಟ್ಟಿ ಬೆಳೆದವನು ನವರಾತ್ರಿಯ ಹಿಂದಿನ ದಿನ ಮನೆಯಲ್ಲಿ ಒಂದು ಮೇಜನ್ನು ಖಾಲಿ ಮಾಡಿಟ್ಟು ಹೊರಗೆ ಹೋಗಬಾರದು. ಇದನ್ನು ಯಾವ ವಿಡಿಯೊದಲ್ಲಿಯೂ ಹೇಳಿಕೊಡುವುದಿಲ್ಲ.

"ಖಾಲಿ ಬಿದ್ದಿತ್ತಲ್ಲ, ತಗೊಂಡ್ಬುಟ್ಟೆ ಕಣ್ರೀ" ಎಂದಳು ನನ್ನ ಹೆಂಡತಿ ಸುಮಿತ್ರಾ, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು. "ಮದುವೆಯಾದಾಗಿನಿಂದ ಗೊಂಬೆಗೆ ಒಂಬತ್ತು ಮೆಟ್ಟಿಲು ಕೂರಿಸ್ಬೇಕು ಅಂತ ಆಸೆ. ಟ್ರಂಕು, ಸ್ಟೂಲು ಎಲ್ಲಾ ಜೋಡಿಸಿದ್ರೂ ಏಳಕ್ಕೇ ನಿಂತೋಗ್ತಿತ್ತು. ಎಂಟು ಇಡೋ ಹಾಗಿಲ್ಲ, ಬೆಸ ಸಂಖ್ಯೆನೇ ಆಗ್ಬೇಕು."

"ನಾನು ಬರೀಬೇಕಲ್ಲ ಕಣೇ."

"ಹನ್ನೊಂದು ವರ್ಷ ಅದರ ಮೇಲೆ ಜಾಗಾನೇ ಇರ್ಲಿಲ್ಲ. ಬರೀಲಿಲ್ವಾ?"

ಹತ್ತೊಂಬತ್ತಕ್ಕೆ ನಿಂತವನು ಏಳಕ್ಕೆ ನಿಂತವಳ ಕಷ್ಟವನ್ನು ಅರ್ಥ ಮಾಡಿಕೊಳ್ಳದಿದ್ದರೆ ಹೇಗೆ? ಮಾರನೆಯ ಬೆಳಿಗ್ಗೆ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿಯರು, ನನ್ನ ಮೇಜನ್ನೇರಿ ಕೂತರು. ಇನ್ನು ದಶಮಿಯವರೆಗೆ ಅವರನ್ನು ಏಳಿಸುವಂತಿಲ್ಲ. ನನ್ನ ಗಡುವೂ ದಶಮಿಯೇ. ಅರಸರಿಗೂ ಬರೆಯುವವರಿಗೂ ಜಾಗದ ವಿಷಯದಲ್ಲಿ ತಕರಾರು ಬಂದಾಗ ಯಾರು ಎದ್ದು ಹೋಗಬೇಕೆಂದು ಈ ಊರಿಗೆ ಚೆನ್ನಾಗಿ ಗೊತ್ತು.

ಐದು ದಿನ ಹೊಸ ನೋಟ್‌ಬುಕ್ ಹಿಡಿದು ಅಲೆದೆ. ಅಡುಗೆಮನೆಯ ಕಟ್ಟೆಯ ಮೇಲೆ ಬರೆಯಲು ಹೋದರೆ ಒಗ್ಗರಣೆ ಸಿಡಿಯಿತು. ಮಹಡಿಯ ಮೇಲೆ ನೀರಿನ ಟ್ಯಾಂಕಿನ ನೆರಳಿಗೆ ಹೋದರೆ ನೆರಳು ಸರಿಯಿತು, ಅದರ ಹಿಂದೆ ನಾನು ಸರಿದೆ, ಸಾಲು ಮಾತ್ರ ಇದ್ದಲ್ಲೇ ಇತ್ತು. ಪಾರ್ಕಿನ ಕಲ್ಲುಬೆಂಚಿನಲ್ಲಿ ಇಬ್ಬರು ಹಿರಿಯರು ನಾನೇನು ಬರೆಯುತ್ತಿದ್ದೇನೆಂದು ಬಗ್ಗಿ ನೋಡಿ, ಏನೂ ಇಲ್ಲದ್ದನ್ನು ಕಂಡು ಸಮಾಧಾನ ಹೇಳಿದರು. ಕೋಣೆಯ ಗೋಡೆಯ ಹಳದಿ ಚೀಟಿಗಳು ಒಂದೊಂದಾಗಿ ಅಂಟು ಬಿಟ್ಟು ಉದುರಿದವು. ಸಕ್ಕರೆ ಕಾಯಿಲೆಯವರ ಅಡುಗೆ ಪುಸ್ತಕದ ರಕ್ಷಾಪುಟ ಹೇಗಿರಬಹುದು ಎಂದು ಊಹಿಸತೊಡಗಿದ್ದೆ. ಹಾಗಲಕಾಯಿ ಇರಬೇಕು.

ಷಷ್ಠಿಯ ಸಂಜೆ ಪಕ್ಕದ ಮನೆಯ ಸ್ಟೆಲ್ಲಾ ಟೀಚರ್ ಗೊಂಬೆ ನೋಡಲು ಬಂದರು. ನಿವೃತ್ತರಾಗಿ ಐದಾರು ವರ್ಷವಾಗಿದೆ. ದಸರೆಗೆ ಅವರು ನಮ್ಮ ಗೊಂಬೆ ನೋಡುತ್ತಾರೆ, ಕ್ರಿಸ್‌ಮಸ್ಸಿಗೆ ನಾವು ಅವರ ಮನೆಯ ಗೋದಲಿ, ಅಂದರೆ ಗೊಂಬೆಗಳ ಪುಟ್ಟ ಕೊಟ್ಟಿಗೆ, ನೋಡುತ್ತೇವೆ. ಇಬ್ಬರೂ ಪರಸ್ಪರ ತಪ್ಪು ಹುಡುಕುತ್ತೇವೆ. ಸುಮಿತ್ರಾ ಒಳಗೆ ಕಾಫಿ ಮಾಡುತ್ತಿದ್ದಳು. ನಾನು ಸುಮ್ಮನೆ ಪಕ್ಕದಲ್ಲಿ ನಿಂತಿದ್ದೆ.

"ಇದೇನ್ರೀ ಮೂರ್ತಿಯವರೇ, ಝೂಗೆ ಪೆನ್ನಿನ ಬೇಲಿ?"

ಆಗಲೇ ನಾನು ಕೆಳಗಿನ ಮೆಟ್ಟಿಲುಗಳನ್ನು ಸರಿಯಾಗಿ ನೋಡಿದ್ದು. ಸುಮಿತ್ರಾ ನನ್ನ 'ನೋಡೋಣ' ಡಬ್ಬಗಳನ್ನು ನೋಡಿಬಿಟ್ಟಿದ್ದಳು. ಹನ್ನೊಂದು ಪೆನ್ನು ಸಾಲಾಗಿ ನಿಂತು ಮಣ್ಣಿನ ಜಿರಾಫೆಯನ್ನು ಕಾಯುತ್ತಿದ್ದವು. ಕನ್ನಡಕದ ಡಬ್ಬಿಗಳು ತಟ್ಟೆಯ ನೀರಿನಲ್ಲಿ ಬಾಯಿ ತೆರೆದು ದೋಣಿಗಳಾಗಿದ್ದವು. ಶೆಟ್ಟರ ಗೊಂಬೆಯ ಅಂಗಡಿಯ ಬಾಗಿಲಿಗೆ ನನ್ನ ಕೀಲಿಕೈ ನೇತುಬಿದ್ದಿತ್ತು. ಅರಮನೆಯ ಗೋಡೆ ಪೂರ್ತಿ ಕರೆಯೋಲೆಗಳದ್ದು, ಬೆನ್ನು ಹೊರಗೆ ಮಾಡಿ.

ಟೀಚರ್ ಬಗ್ಗಿ ಅರಮನೆಯನ್ನು ಓದಿದರು. "'ಮನುಷ್ಯನ ಬದುಕಿನಲ್ಲಿ ಸಂಜೆ ಎಂಬುದು...' ಸಂಜೆ ಎಂಬುದು ಏನು?"

"ಗೊತ್ತಿಲ್ಲ ಟೀಚರ್. ಅಲ್ಲಿಗೇ ನಿಂತುಹೋಯ್ತು."

"ನಿಂತಿದ್ದೇ ಒಳ್ಳೇದಾಯ್ತು ಬಿಡಿ. ಈ ಡಬ್ಬಿಗಳು?"

ಕಣ್ಣು ಸುಧಾರಿಸಿದರೆ ಇರಲಿ ಎಂದು ಇಟ್ಟ ಕಥೆ ಹೇಳಿದೆ. ಅವರು ನಗತೊಡಗಿದರು. ಕೀಲಿಕೈಯ ಕಥೆ ಹೇಳಿದೆ. ಮೆಟ್ಟಿಲ ಅಂಚು ಹಿಡಿದುಕೊಂಡು ನಕ್ಕರು. ರಾಜ ರಾಣಿ ಅಲುಗಾಡಿದರು. ಮೇಜು ಕಳೆದುಕೊಂಡದ್ದನ್ನೂ ಹೇಳಿದೆ.

"ಇದನ್ನ ಬರೀರಿ. ನಿಮ್ಮ ಸಂಜೆ ಯಾರಿಗೆ ಬೇಕು?" ಎಂದರು.

ಮೂರು ತಿಂಗಳಿಂದ ನಾನು ದೊಡ್ಡ ವಿಷಯಕ್ಕಾಗಿ ಕಾದಿದ್ದೆ; ಈ ಚಿಕ್ಕ ವಿಷಯಗಳು ಅಡ್ಡ ಬರುತ್ತವೆಂದು ಡಬ್ಬಕ್ಕೆ ತುಂಬಿದ್ದೆ. ಬೆಳಿಗ್ಗೆ ಎದ್ದವನೇ ಬರೆದುಬಿಡುತ್ತೇನೆ ಎಂದು ಮಲಗಿದೆ. ಐದೂವರೆಗೆ ಎದ್ದೆ. ಮತ್ತೆ ಮಲಗಲೂ ಇಲ್ಲ.

ಆದರೆ ಅಂದು ಸಪ್ತಮಿ. ನಮ್ಮ ಮನೆಯಲ್ಲಿ ಸರಸ್ವತಿಯನ್ನು ಕೂರಿಸುವ ದಿನ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಪುಸ್ತಕಗಳು, ಹೊಸ ನೋಟ್‌ಬುಕ್ಕು, ಬರೆಯುತ್ತಿದ್ದ ಒಂದೇ ಒಂದು ಪೆನ್ನು ಎಲ್ಲವೂ ಅರಿಸಿನ ಕುಂಕುಮ ಹಚ್ಚಿಸಿಕೊಂಡು ದೇವಿಯ ಮುಂದೆ ಕೂತಿದ್ದವು. ದಶಮಿಯ ಬೆಳಿಗ್ಗೆ ಪೂಜೆಯಾಗಿ ಅವನ್ನು ತೆಗೆಯುವ ತನಕ ಓದು ಬರಹ ಕೂಡದು.

"ಫೋನಲ್ಲಿ ಬರ್ಕೋತೀನಿ" ಎಂದೆ.

"ಅದಕ್ಕೂ ಕುಂಕುಮ ಇಟ್ಟಾಯ್ತು. ಬರೋ ಕಾಲ್ ತಗೊಳ್ಳಿ, ಅಷ್ಟೇ."

ಮೂರು ದಿನ! ನನ್ನ ನೆನಪಿನ ಮೇಲೆ ನನಗಿರುವ ನಂಬಿಕೆ, ಹಾಕಿಕೊಂಡ ಕನ್ನಡಕವನ್ನು ಹುಡುಕುವವನಿಗೆ ಇರಬಹುದಾದಷ್ಟೇ. ಮರೆತರೆ ಪುಸ್ತಕ ಹೋಯಿತು. ಬೇರೆ ದಾರಿ ಕಾಣದೆ, ಗೊಂಬೆ ನೋಡಲು ಬಂದವರಿಗೆಲ್ಲ ಹೇಳತೊಡಗಿದೆ. ಸಪ್ತಮಿಯ ಸಂಜೆ ಎದುರುಮನೆಯ ಹೆಂಗಸರು ಪೆನ್ನುಗಳಿಗೆ ನಕ್ಕರು, ಓಲೆಗರಿಗೆ ಆಕಳಿಸಿದರು. ಓಲೆಗರಿಯನ್ನು ಅರ್ಧಕ್ಕೆ ಇಳಿಸಿದೆ. ಅಷ್ಟಮಿಯಂದು ಬಂದವರು ಕೀಲಿಕೈಯನ್ನು ಮೊದಲೇ ಹೇಳಿದ್ದಕ್ಕೆ ನಗಲಿಲ್ಲ. ಅದನ್ನು ಹಿಂದಕ್ಕೆ ಹಾಕಿದೆ. ನವಮಿಯ ಹೊತ್ತಿಗೆ ಸುಮಿತ್ರಾ ಗೊಂಬೆ ನೋಡಲು ಬಂದವರಿಗೆ ಕೊಡುವ ಚರ್ಪಿನ ಕೋಡುಬಳೆ ಹಂಚುತ್ತ, "ಅದೊಂದು ಹೇಳೋದು ಮರೆತ್ರಿ ನೋಡಿ" ಎಂದು ಎತ್ತಿಕೊಡುವಂತಾಗಿದ್ದಳು. ಪೆನ್ನು ಪೂಜೆಯಲ್ಲಿದ್ದಾಗ ನಾನು ಮಾಡಿದಷ್ಟು ತಿದ್ದುಪಡಿಯನ್ನು, ಕೈಯಲ್ಲಿದ್ದಾಗ ಎಂದೂ ಮಾಡಿದವನಲ್ಲ.

ದಶಮಿಯ ಬೆಳಿಗ್ಗೆ ಮಂಗಳಾರತಿಯಾಯಿತು. ಪೆನ್ನು ಕೈಗೆ ಬಂತು. ನೆಲದ ಮೇಲೆ ಕೂತು, ಊಟದ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಹನ್ನೊಂದು ಗಂಟೆಯೊಳಗೆ ಬರೆದು ಮುಗಿಸಿದೆ. ಎಷ್ಟು ಪದವಾಯಿತೆಂದು ಎಣಿಸಲಿಲ್ಲ. ಜಂಬೂಸವಾರಿಯ ಜನಜಂಗುಳಿಯನ್ನು ಬಳಸಿಕೊಂಡು ಹೋಗಿ ನಂಜುಂಡಯ್ಯನವರ ಮನೆಯಲ್ಲಿ ಕೊಟ್ಟುಬಂದೆ. ಅಂಬಾರಿ ಟಿ.ವಿ.ಯಲ್ಲಿ ಹೊರಟಾಗ ಅವರ ಫೋನು ಬಂತು.

"ಓದಿದೆ ಸ್ವಾಮಿ. ನಮ್ಮನೆಯವಳಿಗೂ ಓದಿ ಹೇಳಿದೆ. ಬಾಳ ಚೆನ್ನಾಗೈತೆ. ಪುಸ್ತಕ ಪ್ರೆಸ್ಸಿಗೆ ಹೋಯ್ತು ಅನ್ಕೊಳಿ."

ನಾನು ಕೂತುಕೊಂಡೆ.

"ಒಂದೇ ಮಾತು. ಇದನ್ನ ಓದಿದ ಮೇಲೆ ಉಳಿದವನ್ನ ತಿರುಗಿ ನೋಡ್ದೆ. ಸಾಮಾನು ಜಾಸ್ತಿ ಆಗೈತೆ ಕಣ್ರೀ. ಎಂಟು ತೆಗೆದುಬುಡಾಣ. ಹನ್ನೆರಡು ಸಾಕು."

"ಇಪ್ಪತ್ತು ಬೇಕು ಅಂದಿದ್ದು ನೀವೇ ಅಲ್ವೇ?"

"ಇದು ಬಂದಿರಲಿಲ್ವಲ್ಲ ಆಗ" ಎಂದು ಇಟ್ಟುಬಿಟ್ಟರು.

ಎಂಟು ಪ್ರಬಂಧ. ಯಾವ ಎಂಟು ಎಂದು ಕೇಳುವ ಅಗತ್ಯವಿರಲಿಲ್ಲ. ಬರೆಯುವಾಗಲೇ ನನಗೆ ಅವುಗಳ ಬಗ್ಗೆ ಅನುಮಾನವಿತ್ತು. ನನ್ನಲ್ಲಿದ್ದ ಪ್ರತಿಗಳಿಂದ ಅವನ್ನು ಆರಿಸಿ ತೆಗೆದೆ. ಮೂವತ್ತು ನಲವತ್ತು ಹಾಳೆ. ಅವನ್ನು ಹಿಡಿದುಕೊಂಡು ನಡುಮನೆಯಲ್ಲಿ ನಿಂತೆ.

"ಎಸೀಬೇಡಿ" ಎಂದಳು ಸುಮಿತ್ರಾ. "ಮುಂದಿನ ವರ್ಷ ಚಾಮುಂಡಿಬೆಟ್ಟ ಮಾಡ್ಬೇಕು ಅಂತಿದೀನಿ. ಕಾಗದ ನೆನೆಹಾಕಿ ರುಬ್ಬಿದ್ರೆ ಬೆಟ್ಟ ಗಟ್ಟಿಯಾಗಿ ನಿಲ್ಲತ್ತೆ."

ಕೊಟ್ಟುಬಿಟ್ಟೆ. ಒಂದು ಕ್ಷಣ ಕೆಡುಕೆನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸಿದೆ. ಬರುವ ದಸರೆಗೆ ನೋಡಲು ಬಂದವರು ಬೆಟ್ಟದ ತುದಿಯ ದೇವಿಗೆ ಕೈ ಮುಗಿಯುತ್ತಾರೆ. ಬೆಟ್ಟದೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಆ ಎಂಟನ್ನು ಬರೆಯದೆ ನಾನು ಹನ್ನೆರಡನೆಯದಕ್ಕೆ ಹತ್ತುತ್ತಿದ್ದುದಾದರೂ ಹೇಗೆ?